ಅರ್ಧ ಎಕರೆಯ ನೀರು



ನೀರಾವರಿ ಎಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಅಣೆಕಟ್ಟು, ಕ್ರೆಸ್ಟ್ ಗೇಟು, ಮೈಲಿಗಟ್ಟಲೆ ನಾಲೆ. ಕನ್ನಂಬಾಡಿ, ತುಂಗಭದ್ರೆ, ಆಲಮಟ್ಟಿ ಎಂಬ ಹೆಸರುಗಳನ್ನು ಕೇಳುತ್ತಲೇ ಬೆಳೆದವರು ನಾವು. ಇವತ್ತು ನಾನು ಹೇಳಹೊರಟಿರುವುದು ಆ ದೊಡ್ಡ ನೀರಿನ ವಿಷಯವಲ್ಲ. ಅರ್ಧ ಎಕರೆಯೋ ಒಂದು ಎಕರೆಯೋ ನೆಲ ಇರುವವರು, ನಾಲೆಯ ಕೊನೆಗೂ ಸೇರದವರು, ಮೋಟಾರು ಕೊಳ್ಳಲು ಕೈಯಲ್ಲಿ ಕಾಸಿಲ್ಲದವರು ತಮ್ಮ ಬೆಳೆಗೆ ಹೇಗೆ ನೀರು ಹಾಯಿಸಿಕೊಂಡಾರು ಎನ್ನುವ ವಿಷಯ. ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಅಲ್ಲ. ಜಗತ್ತಿನ ಒಟ್ಟು ಹಿಡುವಳಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಐದು ಎಕರೆಯ ಒಳಗಿನವು. ನಮ್ಮ ಕರ್ನಾಟಕದಲ್ಲಿಯೂ ಹತ್ತು ಹಿಡುವಳಿಗಳಲ್ಲಿ ಎಂಟು ಸಣ್ಣ ಮತ್ತು ಅತಿಸಣ್ಣ ರೈತರವು. ಹೀಗಿರುವಾಗ ಸಣ್ಣ ನೀರಾವರಿಯನ್ನು ದೊಡ್ಡ ನೀರಾವರಿಯ ಪಕ್ಕದ ಒಂದು ಅಡಿಟಿಪ್ಪಣಿ ಎಂದು ನೋಡುವುದು ಸರಿಯಲ್ಲ ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇದನ್ನು ಮೇಲುಮೇಲಿನ ಮಾತಿನಲ್ಲಿ ಹೇಳಿ ಮುಗಿಸುವ ಬದಲು ಒಂದು ಊರುಸೀಮೆಯ, ಒಂದು ಯಂತ್ರದ ಕತೆಯನ್ನು ವಿವರವಾಗಿ ಹೇಳುತ್ತೇನೆ. ಆ ಸೀಮೆ ಬಾಂಗ್ಲಾದೇಶದ ವಾಯವ್ಯ ಮೂಲೆಯಲ್ಲಿದೆ: ರಂಗಪುರ ಮತ್ತು ದಿನಾಜಪುರ. ಹಿಮಾಲಯದಿಂದ ಇಳಿದ ತೀಸ್ತಾ ನದಿ ಬ್ರಹ್ಮಪುತ್ರವನ್ನು ಸೇರುವ ಬಯಲು ಅದು. ಎಲ್ಲೆಲ್ಲೂ ನದಿ ತಂದು ಹಾಕಿದ ಮೆಕ್ಕಲುಮಣ್ಣು. ಹೊಲದಲ್ಲಿ ಎತ್ತಿ ಎಸೆಯಲು ಒಂದು ಕಲ್ಲು ಹುಡುಕಿದರೂ ಸಿಗುವುದು ಕಷ್ಟ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ನೆರೆ. ಆಮೇಲೆ ಬೇಸಗೆ ಮುಗಿಯುವವರೆಗೂ ಮುಗಿಲು ಬಹುಮಟ್ಟಿಗೆ ಖಾಲಿ. ಆಶ್ವೀಜ, ಕಾರ್ತಿಕ ಮಾಸಗಳಲ್ಲಿ ಹೊಲದಲ್ಲಿ ಭತ್ತ ನಿಂತಿರುತ್ತದೆ, ಆದರೆ ಕೊಯ್ಲಿಗೆ ಬಂದಿರುವುದಿಲ್ಲ. ಆಗ ಕೂಲಿ ಇರುತ್ತಿರಲಿಲ್ಲ, ಮನೆಯಲ್ಲಿ ಕಾಳಿರುತ್ತಿರಲಿಲ್ಲ. ಈ ಹಸಿವಿನ ದಿನಗಳಿಗೆ ಅಲ್ಲಿನವರು ಮಂಗಾ ಎನ್ನುತ್ತಿದ್ದರು. 1974ರ ಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಸೀಮೆಗಳಲ್ಲಿ ರಂಗಪುರವೂ ಒಂದು. ಮನಸ್ಸಿಗೆ ನೋವಾಗುವುದು ಎಲ್ಲಿ ಎಂದರೆ, ಅದೇ ನೆಲದ ಕೆಳಗೆ ಹತ್ತು ಹದಿನೈದು ಅಡಿಯಲ್ಲಿ ಬೇಸಗೆಯಲ್ಲೂ ನೀರಿತ್ತು. ಎರಡನೇ ಬೆಳೆಗೆ ಬೇಕಾದ ಬಿಸಿಲು, ಮಣ್ಣು, ದುಡಿಯುವ ಕೈ ಎಲ್ಲವೂ ಇದ್ದವು. ನೀರನ್ನು ಆ ಹದಿನೈದು ಅಡಿ ಮೇಲೆತ್ತುವ ದಾರಿಯೊಂದು ಇರಲಿಲ್ಲ.

ದಾರಿಯೇ ಇರಲಿಲ್ಲ ಎಂದರೆ ತಪ್ಪಾದೀತು. ಡೀಸೆಲ್ ಪಂಪುಗಳಿದ್ದವು, ಆದರೆ ಅವು ಹಣವಂತರ ಸೊತ್ತು. ಕೈಪಂಪುಗಳಿದ್ದವು, ಕುಡಿಯುವ ನೀರಿಗೆ ಅವು ಸಾಕು, ಹೊಲಕ್ಕೆ ಸಾಲವು. ತೋಳಿನಿಂದ ಒತ್ತುವವರು ಅರ್ಧ ಗಂಟೆಗೆ ಸುಸ್ತಾಗುತ್ತಾರೆ. 1971ರ ಯುದ್ಧದ ನಂತರ, ಭಾರತದಿಂದ ಮರಳಿದ ನಿರಾಶ್ರಿತರಿಗೆ ನೆಲೆ ಕಲ್ಪಿಸಲೆಂದು 1972ರಲ್ಲಿ ರಂಗಪುರ ದಿನಾಜಪುರ ಗ್ರಾಮೀಣ ಸೇವಾ ಸಂಸ್ಥೆ ಎಂಬುದು ಅಲ್ಲಿ ಕೆಲಸ ಶುರುಮಾಡಿತ್ತು. ಅದರಲ್ಲಿ ದುಡಿಯುತ್ತಿದ್ದ ನಾರ್ವೆ ದೇಶದ ಎಂಜಿನಿಯರು ಗುನ್ನಾರ್ ಬಾರ್ನೆಸ್ ಈ ತೊಡಕನ್ನು ಎತ್ತಿಕೊಂಡರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಮತ್ತು ಅಲ್ಲಿನ ಕಸುಬುದಾರರು ಸೇರಿ ಕಾಲಿನಿಂದ ತುಳಿಯುವ ಪಂಪೊಂದಕ್ಕೆ ರೂಪ ಕೊಟ್ಟರು. ನಾವು ಅದನ್ನು ತುಳಿಪಂಪು ಎನ್ನೋಣ. ಬಂಗಾಳದಲ್ಲಿ ಕಾಲಿನಿಂದ ತುಳಿದು ಭತ್ತ ಕುಟ್ಟುವ ಢೇಂಕಿ ಎಂಬ ಸಾಧನ ಮನೆಮನೆಯಲ್ಲಿತ್ತು. ಜನ ಈ ಪಂಪಿಗೂ ಆ ಹೆಸರನ್ನೇ ಅಂಟಿಸಿದರು.

ಪಂಪಿನ ರಚನೆಯನ್ನು ಮಾತಿನಲ್ಲೇ ಚಿತ್ರಿಸಬೇಕಾಗಿದೆ, ಸ್ವಲ್ಪ ಮನಸ್ಸಿಟ್ಟು ಕೇಳಿ. ತಗಡಿನಿಂದ ಮಾಡಿದ ಎರಡು ಸಿಲಿಂಡರುಗಳು, ಒಂದೊಂದೂ ಅಂಗೈ ಅಗಲ, ಅಕ್ಕಪಕ್ಕ ಬೆಸುಗೆ ಹಾಕಿರುತ್ತಾರೆ. ಕೆಳಗೆ ಎರಡೂ ಸೇರಿ ನೆಲಕ್ಕಿಳಿಯುವ ಒಂದೇ ಕೊಳವೆ. ಪ್ರತಿ ಸಿಲಿಂಡರಿನೊಳಗೂ ವಾಷರು ಹಾಕಿದ ಒಂದು ಪಿಸ್ಟನ್ನು. ಎರಡು ಪಿಸ್ಟನ್ನುಗಳನ್ನೂ ಒಂದು ಹಗ್ಗದಿಂದ ಕಟ್ಟಿ, ಆ ಹಗ್ಗವನ್ನು ಮೇಲಿನ ರಾಟೆಯ ಮೇಲೆ ಹಾಯಿಸಿರುತ್ತಾರೆ. ಒಂದು ಕೆಳಗಿಳಿದರೆ ಇನ್ನೊಂದು ಮೇಲೇರಬೇಕು. ಪಿಸ್ಟನ್ನುಗಳಿಗೆ ಎರಡು ಉದ್ದನೆಯ ಬಿದಿರುಗಳು ಸೇರಿಕೊಂಡಿರುತ್ತವೆ. ಅವುಗಳ ಮೇಲೆ ಒಂದೊಂದು ಕಾಲಿಟ್ಟು, ಎದುರಿನ ಬಿದಿರಿನ ಅಡ್ಡಪಟ್ಟಿಯನ್ನು ಹಿಡಿದುಕೊಂಡು, ನಿಂತಲ್ಲೇ ಮೆಟ್ಟಿಲು ಹತ್ತಿದಂತೆ ಮೈಭಾರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತಾ ಹೋದರೆ ನೀರು ನಿಲ್ಲದೆ ಹರಿಯುತ್ತದೆ. ತಗಡಿನ ಭಾಗ ಬಿಟ್ಟರೆ ಉಳಿದದ್ದೆಲ್ಲ ಹಿತ್ತಿಲಿನ ಬಿದಿರು. ಮುರಿದರೆ ಇನ್ನೊಂದು ಕಡಿದು ತಂದರಾಯಿತು.

ನಮ್ಮ ಕರಾವಳಿಯ ಹಿರಿಯರಿಗೆ ಇದು ತೀರ ಹೊಸದೆನಿಸಲಾರದು. ಕೆರೆ, ಬಾವಿಗಳ ಪಕ್ಕದ ಏತದ ಮರದ ಮೇಲೆ ಒಬ್ಬಾತ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದುದನ್ನು, ಅವನ ಮೈಭಾರಕ್ಕೆ ನೀರಿನ ಮರಿಗೆ ಮೇಲೇಳುತ್ತಿದ್ದುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ತೋಳಿಗಿಂತ ಕಾಲಿಗೆ, ಸ್ನಾಯುವಿಗಿಂತ ಮೈಭಾರಕ್ಕೆ ಹೆಚ್ಚು ಕೆಲಸ ಕೊಡಬೇಕೆಂಬ ತಿಳಿವಳಿಕೆ ನಮ್ಮ ರೈತರಲ್ಲಿ ಬಹಳ ಹಿಂದೆಯೇ ಇತ್ತು. ಬಾರ್ನೆಸ್ ಮಾಡಿದ್ದು ಆ ತಿಳಿವಳಿಕೆಗೆ ಸಿಲಿಂಡರನ್ನೂ ವಾಲ್ವನ್ನೂ ಜೋಡಿಸಿದ್ದು.

ಈಗ ಸ್ವಲ್ಪ ಲೆಕ್ಕ. ಆರೋಗ್ಯವಂತರಾದ ದೊಡ್ಡವರು ಗಂಟೆಗಟ್ಟಲೆ ಆಯಾಸವಿಲ್ಲದೆ ಕೊಡಬಲ್ಲ ಶಕ್ತಿ ಸುಮಾರು 75 ವಾಟ್, ಅಂದರೆ ಒಂದು ಅಶ್ವಶಕ್ತಿಯ ಹತ್ತನೇ ಒಂದು ಪಾಲು. ನಮ್ಮಲ್ಲಿ ಸಾಮಾನ್ಯವಾದ 5 ಎಚ್.ಪಿ. ಮೋಟಾರು ಐವತ್ತು ಜನರಿಗೆ ಸಮ. ಆ 75 ವಾಟಿನಲ್ಲಿ ಪಂಪಿನ ಉಜ್ಜಾಟಕ್ಕೆ, ಸೋರಿಕೆಗೆ ಅರ್ಧ ಹೋದರೂ, ನೀರು ಹದಿಮೂರು ಹದಿನಾಲ್ಕು ಅಡಿಯಲ್ಲಿದ್ದರೆ ಸೆಕೆಂಡಿಗೆ ಸುಮಾರು ಒಂದು ಲೀಟರ್ ನೀರು ಮೇಲೆ ಬರುತ್ತದೆ. ಗಂಟೆಗೆ 3,600 ಲೀಟರ್. ಅರ್ಧ ಎಕರೆ ತರಕಾರಿಗೆ ಒಣ ದಿನಗಳಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಬೇಕು ಎಂದಿಟ್ಟುಕೊಂಡರೆ ಅದು ಹತ್ತು ಸಾವಿರ ಲೀಟರ್ ಆಗುತ್ತದೆ. ಮೂರು ಗಂಟೆಯ ತುಳಿತ ಸಾಕು. ಇದೇ ಅರ್ಧ ಎಕರೆಗೆ ಭತ್ತ ಹಾಕಿದರೆ ನೀರು ದುಪ್ಪಟ್ಟು ಬೇಡುತ್ತದೆ, ಕಾಲು ಸೋಲುತ್ತದೆ. ಹಾಗಾಗಿಯೇ ತುಳಿಪಂಪು ಹೋದಲ್ಲೆಲ್ಲ ಆಲೂಗಡ್ಡೆ, ಬದನೆ, ಮೆಣಸಿನಕಾಯಿ, ಸೊಪ್ಪು ಬೆಳೆದವರೇ ಹೆಚ್ಚು ಲಾಭ ಕಂಡರು.

ನೀರು ಇನ್ನೂ ಆಳದಲ್ಲಿದ್ದರೆ? ಇಲ್ಲಿ ಪ್ರಕೃತಿಯ ಒಂದು ಕಟ್ಟಳೆ ಅಡ್ಡ ಬರುತ್ತದೆ. ನೆಲದ ಮೇಲೆ ಕೂತ ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ ಅಷ್ಟೆ. ಹೊರಗಿನ ವಾತಾವರಣದ ಒತ್ತಡ ನೀರನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಆ ಒತ್ತಡ ಎಷ್ಟೇ ಅನುಕೂಲವಾಗಿದ್ದರೂ ಹತ್ತು ಮೀಟರಿಗಿಂತ ಹೆಚ್ಚು ತಳ್ಳಲಾರದು. ವಾಷರು, ವಾಲ್ವು, ಕೀಲುಗಳ ಸೋರಿಕೆ ಕಳೆದರೆ ಕೈಗೆ ಸಿಗುವುದು ಏಳು ಮೀಟರ್, ಅಂದರೆ ಇಪ್ಪತ್ತಮೂರು ಅಡಿ. ಅದಕ್ಕಿಂತ ಕೆಳಗಿನ ನೀರನ್ನು ಮೇಲೆ ನಿಂತು ತುಳಿದು ತರುವುದಾಗದು. ಈ ಇಪ್ಪತ್ತಮೂರು ಅಡಿ ನೆನಪಿನಲ್ಲಿರಲಿ, ಮುಂದೆ ನಮ್ಮ ನಾಡಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಪಂಪು ಸಿದ್ಧವಾಯಿತು. ಆದರೆ ಕೊಳವೆಬಾವಿ ಕೊರೆಯುವವರು ಯಾರು? ಇದು ನನಗೆ ಬಹಳ ಮೆಚ್ಚುಗೆಯಾದ ಭಾಗ. ಬಂಗಾಳದ ಬಯಲಿನಲ್ಲಿ ಬಾವಿ ಕೊರೆಯಲು ರಿಗ್ ಲಾರಿ ಬೇಡ. ಇಬ್ಬರು ಮೂವರು ಮಿಸ್ತ್ರಿಗಳು, ಕೆಲವು ಕಬ್ಬಿಣದ ಕೊಳವೆ, ಬಿದಿರಿನ ಒಂದು ಚೌಕಟ್ಟು, ಒಂದು ಸಣ್ಣ ಗುಂಡಿ ತುಂಬ ನೀರು ಇಷ್ಟಿದ್ದರೆ ಸಾಕು. ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಬಿದಿರಿನ ಸನ್ನೆಯಿಂದ ಒಬ್ಬ ಅದನ್ನು ಎತ್ತಿ ಎತ್ತಿ ಬಿಡುತ್ತಾನೆ. ಚೌಕಟ್ಟಿನ ಮೇಲೆ ಕೂತ ಇನ್ನೊಬ್ಬ ಕೊಳವೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿರುತ್ತಾನೆ. ಕೊಳವೆ ಮೇಲೇರುವಾಗ ಕೈ ಮುಚ್ಚಿರುತ್ತದೆ, ಇಳಿಯುವಾಗ ತೆರೆಯುತ್ತದೆ. ಹಾಗೆ ತೆರೆದಾಗ ತಳದ ಮಣ್ಣು ನೀರಿನ ಜತೆ ಕೆಸರಾಗಿ ಬಾಯಿಯಿಂದ ಚಿಮ್ಮುತ್ತದೆ. ಅವನ ಅಂಗೈಯೇ ವಾಲ್ವು. ಚಿಮ್ಮಿದ ಕೆಸರನ್ನು ಬೆರಳಿನಿಂದ ತಿಕ್ಕಿ ನೋಡಿಯೇ ಅವನು ಹೇಳಬಲ್ಲ: ಈಗ ಜೇಡಿ, ಈಗ ನುಣ್ಣನೆ ಮರಳು, ಈಗ ನೀರು ಕೊಡುವ ಒರಟು ಮರಳು. ಹಾಗೆ ಒಂದು ಹಗಲಿನೊಳಗೆ ಬಾವಿ ಮುಗಿಯುತ್ತದೆ. ಯಾವ ಕಾಲೇಜಿನಲ್ಲೂ ಕಲಿಸದ ವಿದ್ಯೆ ಇದು. ಸಣ್ಣ ನೀರಾವರಿಯ ಬೆನ್ನೆಲುಬು ಈ ಮಿಸ್ತ್ರಿ ಎಂದು ನಾನು ತಿಳಿದಿದ್ದೇನೆ. ಗುನ್ನಾರ್ ಬಾರ್ನೆಸ್ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಲಕ್ಷಗಟ್ಟಲೆ ಬಾವಿಗಳನ್ನು ಅಂಗೈಯಿಂದ ಕೊರೆದವರ ಹೆಸರು ಉಳಿದಿಲ್ಲ.

ಒಳ್ಳೆಯ ಯಂತ್ರ ಹುಟ್ಟಿದ ಮಾತ್ರಕ್ಕೆ ಊರೂರಿಗೆ ಹಬ್ಬುವುದಿಲ್ಲ. ಇಲ್ಲಿ ಪಾಲ್ ಪೋಲಕ್ ಎಂಬುವರು ಬರುತ್ತಾರೆ. ಅಮೆರಿಕದ ಡೆನ್ವರ್ ನಗರದಲ್ಲಿ ಮನೋವೈದ್ಯರಾಗಿದ್ದವರು. ಮನೋರೋಗಿಗಳ ಜತೆ ಕೆಲಸ ಮಾಡುತ್ತಾ ಅವರ ಕಷ್ಟದ ದೊಡ್ಡ ಪಾಲು ಬಡತನವೇ ಎಂದು ಕಂಡುಕೊಂಡು 1981ರಲ್ಲಿ ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ಎಂಟರ್‌ಪ್ರೈಸಸ್ ಎಂಬ ಸಂಸ್ಥೆ ಕಟ್ಟಿದರು. ಬಡವರಿಗೆ ಪುಕ್ಕಟೆ ಕೊಡಬಾರದು, ಅವರನ್ನು ಗಿರಾಕಿಗಳೆಂದು ಗೌರವಿಸಿ ಅವರ ಕೈಗೆಟಕುವ ಬೆಲೆಯಲ್ಲಿ ಮಾರಬೇಕು ಎಂಬುದು ಅವರ ಪಟ್ಟು. ಎಂಬತ್ತರ ದಶಕದ ನಡುವಿನಲ್ಲಿ ಈ ಸಂಸ್ಥೆ ತುಳಿಪಂಪನ್ನು ಎತ್ತಿಕೊಂಡಿತು. ಬಾವಿ ಕೊರೆಸಿ, ಪಂಪು ಕೂರಿಸಿ ಒಟ್ಟು ಖರ್ಚು 25 ಡಾಲರಿನ ಆಸುಪಾಸು ಇರುವಂತೆ ನೋಡಿಕೊಂಡರು. ಪಂಪನ್ನು ತಾವೇ ತಯಾರಿಸಲಿಲ್ಲ. ಪೇಟೆಗಳ ಸಣ್ಣ ವರ್ಕ್‌ಶಾಪುಗಳಿಂದ ಮಾಡಿಸಿದರು. ಊರಿನ ಅಂಗಡಿಯವನಿಗೆ ಮಾರಲು ಕೊಟ್ಟು ಅವನಿಗೊಂದಿಷ್ಟು ಲಾಭ ಬಿಟ್ಟರು. ಮಿಸ್ತ್ರಿಗಳಿಗೆ ತರಬೇತಿ ಕೊಟ್ಟರು.

ಪ್ರಚಾರಕ್ಕೆ ಅವರು ಹಿಡಿದ ದಾರಿಯೂ ಕೇಳುವಂಥದ್ದು. ಊರೂರಿಗೆ ಹಾಡು, ಕುಣಿತ, ನಾಟಕದ ತಂಡಗಳನ್ನು ಕಳಿಸಿದರು. ಆಮೇಲೆ ಒಂದು ಪೂರ್ಣ ಸಿನಿಮಾವನ್ನೇ ತೆಗೆಸಿದರು. ಅದರಲ್ಲಿ ಪ್ರೇಮ, ವರದಕ್ಷಿಣೆಯ ಕಾಟ, ಬಡತನ ಎಲ್ಲವೂ ಇತ್ತು. ಕಷ್ಟ ಕಳೆಯುವ ಹೊತ್ತಿಗೆ ತುಳಿಪಂಪು ಬರುತ್ತಿತ್ತು. ಕರೆಂಟಿಲ್ಲದ ಊರುಗಳಿಗೆ ವ್ಯಾನಿನಲ್ಲಿ ಜನರೇಟರ್, ಪರದೆ ಒಯ್ದು ಬಯಲಿನಲ್ಲಿ ತೋರಿಸಿದರು. ಸಿನಿಮಾಕ್ಕೆಂದು ಸಾವಿರಾರು ಜನ ಬಂದು ಸೇರುತ್ತಿದ್ದರು. ಹನ್ನೆರಡು ವರ್ಷಗಳ ಒಳಗೆ ಬಾಂಗ್ಲಾದೇಶದಲ್ಲಿ 15 ಲಕ್ಷ ತುಳಿಪಂಪುಗಳು ಮಾರಾಟವಾದವೆಂದು ಪೋಲಕ್ ತಮ್ಮ 2008ರ ಪುಸ್ತಕದಲ್ಲಿ ಬರೆದಿದ್ದಾರೆ.

ಕೊಂಡವರಿಗೆ ಏನು ದಕ್ಕಿತು? ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ತುಷಾರ್ ಷಾ ಮತ್ತು ಅವರ ಜತೆಗಾರರು ಬಾಂಗ್ಲಾದೇಶ, ಪೂರ್ವ ಭಾರತ, ನೇಪಾಳದ ತೆರಾಯಿ ಬಯಲುಗಳಲ್ಲಿ ಇದನ್ನು ಪರಿಶೀಲಿಸಿ 2000ದಲ್ಲಿ ವರದಿ ಕೊಟ್ಟರು. ತುಳಿಪಂಪಿನಿಂದ ಒಂದು ಕುಟುಂಬಕ್ಕೆ ವರ್ಷಕ್ಕೆ ಸರಾಸರಿ ನೂರು ಡಾಲರಿನಷ್ಟು ಹೆಚ್ಚುವರಿ ಆದಾಯ ಸಿಗುತ್ತಿತ್ತು ಎಂದು ಅವರ ಲೆಕ್ಕ. ಹಾಕಿದ 25 ಡಾಲರ್ ಮೊದಲ ಹಂಗಾಮಿನಲ್ಲೋ ಎರಡನೆಯದರಲ್ಲೋ ಕೈಗೆ ಬಂದುಬಿಡುತ್ತಿತ್ತು. ಅವರು ಗುರುತಿಸಿದ ಇನ್ನೊಂದು ಸಂಗತಿಯನ್ನು ಯೋಜನೆ ರೂಪಿಸುವವರೆಲ್ಲ ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮಲ್ಲಿ ಬಡವರಿಗೆಂದು ಬಂದ ಸವಲತ್ತು ಸಿರಿವಂತರ ಅಂಗಳ ಸೇರುವುದು ಹಳೆಯ ವ್ಯಥೆ. ತುಳಿಪಂಪಿಗೆ ಹಾಗಾಗಲಿಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆ ತುಳಿಯಬೇಕಾದ ಯಂತ್ರವನ್ನು ಹಣವಿದ್ದವರು ಬಯಸಲೇ ಇಲ್ಲ. ಪಟ್ಟಿ, ಪ್ರಮಾಣಪತ್ರ, ಶಿಫಾರಸು ಯಾವುದೂ ಇಲ್ಲದೆ ಅದು ಅತಿಸಣ್ಣ ರೈತರ ಮನೆಗೇ ಹೋಯಿತು.

ಇಲ್ಲೊಂದು ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಾರೆ. ಒಬ್ಬರು ಸ್ವಿಚ್ ಒತ್ತಿ ನೀರು ಪಡೆಯುವ ಕಾಲದಲ್ಲಿ ಇನ್ನೊಬ್ಬರನ್ನು ತುಳಿಯಿರಿ ಎನ್ನುವುದು ನ್ಯಾಯವೇ? ಅದೂ ಆ ತುಳಿತದ ದೊಡ್ಡ ಪಾಲು ಹೆಂಗಸರ ಮೇಲೆ, ಎಷ್ಟೋ ಕಡೆ ಶಾಲೆಗೆ ಹೋಗಬೇಕಾದ ಮಕ್ಕಳ ಮೇಲೆ ಬಿದ್ದಾಗ? ಅಡುಗೆ, ದನಕರು, ಕೂಲಿ ಎಲ್ಲ ಮುಗಿಸಿ ಬಂದ ತಾಯಿಗೆ ಮೂರು ಗಂಟೆಯ ತುಳಿತ ಹಗುರದ ಮಾತಲ್ಲ. ಅರೆಹೊಟ್ಟೆಯಲ್ಲಿರುವವರ ಮೈಯಿಂದ ಹೋದ ಶಕ್ತಿ ಅನ್ನದಿಂದಲೇ ಮರಳಿ ಬರಬೇಕು. ಆದ್ದರಿಂದ ತುಳಿಪಂಪನ್ನು ಬಡವರ ಶಾಶ್ವತ ಪಾಡು ಎಂದು ಯಾರಾದರೂ ಹೊಗಳಿದರೆ ನಾನು ಒಪ್ಪಲಾರೆ. ಅದು ಮೊದಲ ಬಂಡವಾಳ ಹುಟ್ಟುವವರೆಗಿನ ಸಾಧನ. ಬಾಂಗ್ಲಾದೇಶದ ರೈತರು ಅದನ್ನು ಹಾಗೆಯೇ ಬಳಸಿಕೊಂಡರು. ಎಂಬತ್ತರ ದಶಕದ ಕೊನೆಯಲ್ಲಿ ಸರ್ಕಾರ ಸಣ್ಣ ಡೀಸೆಲ್ ಎಂಜಿನ್ನುಗಳ ಆಮದಿನ ಕಟ್ಟುಪಾಡು ಸಡಿಲಿಸಿದ ಮೇಲೆ ಅಗ್ಗದ ಚೀನೀ ಎಂಜಿನ್ನುಗಳು ಲಕ್ಷಗಟ್ಟಲೆ ಬಂದವು. ತುಳಿದು ಉಳಿಸಿದ ಹಣದಲ್ಲಿ ಎಷ್ಟೋ ಕುಟುಂಬಗಳು ಎಂಜಿನ್ ಕೊಂಡವು. ಕೊಳ್ಳಲಾಗದವರು ನೆರೆಯವನ ಎಂಜಿನ್ನಿನಿಂದ ನೀರು ಕೊಂಡರು; ಹಣವಿಲ್ಲದಿದ್ದರೆ ಬೆಳೆಯ ನಾಲ್ಕರಲ್ಲೊಂದು ಪಾಲು ನೀರಿನವನಿಗೆ ಕೊಡುವ ರೂಢಿ ಬಂತು. ಚಳಿಗಾಲದಲ್ಲಿ ನೆಟ್ಟು ಬೇಸಗೆಯಲ್ಲಿ ಕೊಯ್ಯುವ ಬೋರೋ ಭತ್ತವೇ ಇಂದು ಆ ದೇಶದ ಅತಿ ದೊಡ್ಡ ಭತ್ತದ ಬೆಳೆ. ಅದು ನಿಂತಿರುವುದು ಅಣೆಕಟ್ಟುಗಳ ಮೇಲಲ್ಲ, ರೈತರು ತಾವೇ ಕೊಂಡ ಸಣ್ಣ ಪಂಪುಗಳ ಮೇಲೆ.

ಇದೇ ತುಳಿಪಂಪು ಆಫ್ರಿಕಾಕ್ಕೂ ಹೋಯಿತು. ಸಹಾರಾ ಮರುಭೂಮಿಯ ದಕ್ಷಿಣದ ನಾಡುಗಳಲ್ಲಿ ಸಾಗುವಳಿ ನೆಲದ ನೂರಕ್ಕೆ ಐದಾರು ಪಾಲಿಗೆ ಮಾತ್ರ ನೀರಾವರಿ ಇದೆ. ಉಳಿದದ್ದೆಲ್ಲ ಮಳೆಯ ದಯೆ. 1991ರಲ್ಲಿ ಕೆನ್ಯಾದಲ್ಲಿ ಮಾರ್ಟಿನ್ ಫಿಶರ್ ಮತ್ತು ನಿಕ್ ಮೂನ್ ಎಂಬಿಬ್ಬರು ಒಂದು ಸಂಸ್ಥೆ ಕಟ್ಟಿದರು. ಈಗ ಅದರ ಹೆಸರು ಕಿಕ್‌ಸ್ಟಾರ್ಟ್. ಕೆನ್ಯಾದ ನೆಲ ಬಂಗಾಳದ ಹಾಗೆ ಸಮತಟ್ಟಲ್ಲ. ನೀರು ತಗ್ಗಿನ ತೊರೆಯಲ್ಲಿ, ಹೊಲ ಏರಿನ ಮೇಲೆ. ಮೇಲೆ ತಂದ ನೀರನ್ನು ಇನ್ನೂ ಮುಂದಕ್ಕೆ ನೂಕಬೇಕು. ಅದಕ್ಕಾಗಿ ಮುಚ್ಚಿದ ಸಿಲಿಂಡರಿನ, ಒತ್ತಡದಿಂದ ಪೈಪಿನಲ್ಲಿ ನೀರು ನೂಕುವ ಪಂಪು ಮಾಡಿ ಮನಿಮೇಕರ್ ಎಂಬ ಹೆಸರಿನಲ್ಲಿ ಮಾರಿದರು. ಉಕ್ಕಿನ ಯಂತ್ರ, ಬೆಲೆಯೂ ಬಂಗಾಳದ ಪಂಪಿಗಿಂತ ಹಲವು ಪಟ್ಟು. ಆದರೂ ನೈರೋಬಿಯಂಥ ನಗರಗಳ ಮಾರುಕಟ್ಟೆಗೆ ಟೊಮೇಟೊ, ಸೊಪ್ಪು, ಫ್ರೆಂಚ್ ಬೀನ್ಸ್ ಬೆಳೆಯುವವರು ಕೊಂಡರು. ನಡೆಸುವವರಲ್ಲಿ ಬಹುಪಾಲು ಹೆಂಗಸರು. ಮಾರುಕಟ್ಟೆ ದೂರವಿದ್ದಲ್ಲಿ ಅದೇ ಪಂಪು ಅಷ್ಟು ಫಲ ಕೊಡಲಿಲ್ಲ. ನೀರು ತರಕಾರಿಯನ್ನು ಬೆಳೆಸೀತು, ಗಿರಾಕಿಯನ್ನು ಬೆಳೆಸಲಾರದು.

ಹನಿ ನೀರಾವರಿಯ ಅನುಭವ ಬೇರೆಯೇ. ನೀರು ಕಡಿಮೆ ಇರುವಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ದೊಡ್ಡ ತೋಟಗಳಿಗೆಂದು ಬೆಳೆದ ವಿದ್ಯೆ ಅದು. ಅದನ್ನು ಹಿತ್ತಿಲಿನ ಅಳತೆಗೆ ಇಳಿಸಿ, ಇಪ್ಪತ್ತು ಲೀಟರಿನ ಬಕೆಟ್ಟನ್ನು ಎದೆಮಟ್ಟದ ಕಂಬಕ್ಕೆ ತೂಗುಹಾಕಿ, ಅದರಿಂದ ಪೈಪುಗಳ ಮೂಲಕ ಗಿಡದ ಬುಡಕ್ಕೆ ಹನಿಸುವ ಕಿಟ್ಟುಗಳು ಬಂದವು. 2000ದ ನಂತರದ ವರ್ಷಗಳಲ್ಲಿ ಜಿಂಬಾಬ್ವೆಯಲ್ಲಿ ಬರ, ಹಸಿವು, ಎಚ್‌.ಐ.ವಿ. ಎಲ್ಲ ಒಟ್ಟಿಗೆ ಬಡಿದಾಗ ನೆರವು ಸಂಸ್ಥೆಗಳು ಇಂಥ ಕಿಟ್ಟುಗಳನ್ನು ವಿಧವೆಯರಿಗೆ, ಕಾಯಿಲೆಯವರ ಮನೆಗಳಿಗೆ ಸಾವಿರಗಟ್ಟಲೆ ಹಂಚಿದವು. ಉದ್ದೇಶ ಬಹಳ ಒಳ್ಳೆಯದು. ಕೆಲವೇ ವರ್ಷಗಳಲ್ಲಿ ಸಂಶೋಧಕರು ಹೋಗಿ ನೋಡಿದಾಗ ಬಹುಪಾಲು ಕಿಟ್ಟುಗಳು ಮೂಲೆ ಸೇರಿದ್ದವು. ಕಾರಣಗಳು ಬಹಳ ಸರಳವಾಗಿದ್ದವು. ಬಕೆಟ್ಟಿಗೆ ನೀರು ತುಂಬಲು ಬಾವಿಯೇ ಹತ್ತಿರವಿರಲಿಲ್ಲ. ಬಾವಿಯಿಂದ ಹೊತ್ತು ತರುವ ಮೈಗಳು ಕಾಯಿಲೆಯಿಂದ ಸೊರಗಿದ್ದವು. ರಂಧ್ರ ಮಣ್ಣಿನಿಂದ ಕಟ್ಟಿಕೊಂಡರೆ ಬಿಡಿಸುವುದು ಹೇಗೆಂದು ಯಾರೂ ಎರಡನೇ ಸಲ ಬಂದು ತೋರಿಸಲಿಲ್ಲ. ಪೈಪು ಹರಿದರೆ ಹತ್ತಿರದ ಅಂಗಡಿಯಲ್ಲಿ ಬೇರೆ ಸಿಗಲಿಲ್ಲ, ಏಕೆಂದರೆ ಪುಕ್ಕಟೆ ಹಂಚುವ ವಸ್ತುವನ್ನು ಯಾವ ಅಂಗಡಿಯವನೂ ತಂದಿಡುವುದಿಲ್ಲ.

ಇದರ ಪಕ್ಕದಲ್ಲಿ ನಮ್ಮ ಮಧ್ಯಪ್ರದೇಶದ ಹತ್ತಿ ರೈತರು ತೊಂಬತ್ತರ ದಶಕದ ಕೊನೆಯಲ್ಲಿ ಮಾಡಿದ್ದನ್ನು ಇಟ್ಟು ನೋಡಿ. ಮಕ್ಕಳು ಚೀಪುವ ಐಸ್ ಕ್ಯಾಂಡಿ ತುಂಬುವ ತೆಳು ಪ್ಲಾಸ್ಟಿಕ್ಕಿನ ಕೊಳವೆಯ ಸುರುಳಿಗಳನ್ನು ಪೇಟೆಯಿಂದ ತಂದು, ಹತ್ತಿಯ ಸಾಲಿನಲ್ಲಿ ಹಾಸಿ, ಗಿಡಕ್ಕೊಂದು ತೂತು ಮಾಡಿ ಹನಿ ನೀರಾವರಿ ಮಾಡಿಕೊಂಡರು. ಪೆಪ್ಸಿ ಎಂದೇ ಅಲ್ಲಿ ಅದಕ್ಕೆ ಹೆಸರು. ಒಂದೆರಡು ಹಂಗಾಮಿಗೆ ಹಾಳಾಗುವ ವಸ್ತು, ನಿಜ. ಆದರೆ ಬೆಲೆ ಕಂಪನಿಯ ಸಲಕರಣೆಯ ಸಣ್ಣದೊಂದು ಪಾಲು. ಹನಿ ನೀರಾವರಿಯ ಗುಣ ಏನೆಂದು ಕಣ್ಣಾರೆ ಕಂಡವರು ಆಮೇಲೆ ಒಳ್ಳೆಯ ಸಲಕರಣೆಗೆ ಹಣ ಹೂಡಲು ಹೆದರಲಿಲ್ಲ. ಜಿಂಬಾಬ್ವೆಯ ಕಿಟ್ಟು ಈ ಪ್ಲಾಸ್ಟಿಕ್ ಕೊಳವೆಗಿಂತ ಗುಣದಲ್ಲಿ ಮೇಲಾಗಿತ್ತು. ಸೋತದ್ದು ಅದು, ಗೆದ್ದದ್ದು ಇದು. ರೈತ ತಾನೇ ಬಯಸಿ, ತನ್ನ ಪೇಟೆಯಲ್ಲಿ ಕೊಂಡು, ತಾನೇ ಸರಿಪಡಿಸಿಕೊಳ್ಳಬಲ್ಲ ಸಾಧನಕ್ಕೆ ಮಾತ್ರ ಹೊಲದಲ್ಲಿ ಆಯುಸ್ಸು ಉಂಟು. ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಈಗ ಸೂರ್ಯನ ಕಾಲ. ಕಳೆದ ಹದಿನೈದು ವರ್ಷಗಳಲ್ಲಿ ಸೌರಫಲಕಗಳ ಬೆಲೆ ಹತ್ತನೇ ಒಂದು ಪಾಲಿಗೆ ಇಳಿದಿದೆ. ಕೆನ್ಯಾದಲ್ಲಿ ಹೊಲಕ್ಕೆ ಹೊತ್ತೊಯ್ಯಬಹುದಾದಷ್ಟು ಸಣ್ಣ ಸೌರಪಂಪುಗಳು ಕಂತಿನ ಮೇಲೆ ಸಿಗುತ್ತಿವೆ. ನಮ್ಮ ದೇಶದಲ್ಲಿ 2019ರಿಂದ ಕುಸುಮ್ ಯೋಜನೆಯಡಿ ಸೌರಪಂಪಿಗೆ ಸಹಾಯಧನವಿದೆ. ತುಳಿಯುವ ಕಷ್ಟವಿಲ್ಲ, ಡೀಸೆಲ್ ಖರ್ಚಿಲ್ಲ, ನಡುರಾತ್ರಿ ತ್ರೀಫೇಸ್ ಕರೆಂಟಿಗೆ ಕಾದು ಹಾವು ಚೇಳಿನ ನಡುವೆ ಗದ್ದೆಗೆ ಹೋಗಬೇಕಿಲ್ಲ. ಇದನ್ನು ನಾನು ತುಂಬುಮನಸ್ಸಿನಿಂದ ಸ್ವಾಗತಿಸುತ್ತೇನೆ. ಆದರೆ ಒಂದು ಭಯವಿದೆ. ತುಳಿಯುವಾಗ ಕಾಲು ಸೋತರೆ ನಿಲ್ಲಿಸುತ್ತಿದ್ದರು. ಡೀಸೆಲ್ ಪಂಪಿಗೆ ಪ್ರತಿ ಲೀಟರಿನ ಲೆಕ್ಕವಿತ್ತು. ಬಿಸಿಲಿಗೆ ಬೆಲೆಯಿಲ್ಲ, ಬೆಳಗಿನಿಂದ ಸಂಜೆಯವರೆಗೆ ಪಂಪು ಓಡುತ್ತಲೇ ಇರಬಹುದು, ಬೆಳೆಗೆ ಬೇಕಿರಲಿ ಬೇಡದಿರಲಿ. ಇದಕ್ಕೆ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ ಒಂದು ಉತ್ತರ ಹುಡುಕಿದರು. ಅಲ್ಲಿ ಆರು ಮಂದಿ ರೈತರು 2016ರಲ್ಲಿ ಸೌರಪಂಪುದಾರರ ಸಹಕಾರ ಸಂಘ ಕಟ್ಟಿ, ಪಂಪಿಗೆ ಬೇಡದ ವಿದ್ಯುತ್ತನ್ನು ವಿದ್ಯುತ್ ಕಂಪನಿಗೆ ಮಾರತೊಡಗಿದರು. ಪಂಪು ನಿಲ್ಲಿಸಿದರೆ ಹಣ ಬರುತ್ತದೆ ಎಂದಾದಾಗ ಅಂತರ್ಜಲ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಕೊಳವೆಬಾವಿ ಕೊರೆದ ಪ್ರತಿ ರಾಜ್ಯವೂ ಢುಂಡಿಯನ್ನು ಹತ್ತಿರದಿಂದ ನೋಡಬೇಕು.

ಕೊನೆಯದಾಗಿ ನಮ್ಮ ನಾಡಿನ ವಿಷಯ. ಬಂಗಾಳದ ತುಳಿಪಂಪನ್ನು ತಂದು ಕೋಲಾರ, ಚಿಕ್ಕಬಳ್ಳಾಪುರದ ಹೊಲದಲ್ಲಿಟ್ಟರೆ ಏನೂ ಆಗದು. ನಮ್ಮ ಬಯಲುಸೀಮೆಯ ಅಡಿಯಲ್ಲಿರುವುದು ಮೆಕ್ಕಲಲ್ಲ, ಕಗ್ಗಲ್ಲು. ಅದರ ಬಿರುಕುಗಳಲ್ಲಿ ಸೇರಿದಷ್ಟೇ ನೀರು. ಕಪಿಲೆ ಹೊಡೆಯುತ್ತಿದ್ದ ತೆರೆದ ಬಾವಿಗಳು ಬತ್ತಿ ಒಂದು ತಲೆಮಾರೇ ಕಳೆದಿದೆ. ಈಗ ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ಧೂಳೇ ಬರುತ್ತದೆ. ವಿಫಲವಾದ ಒಂದು ಕೊಳವೆಬಾವಿಯ ಸಾಲದಲ್ಲಿ ಸಣ್ಣ ರೈತರ ಮನೆ ಮುಳುಗಿದ್ದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹಾಗೆಂದು ಸಣ್ಣ ನೀರಾವರಿ ನಮಗಲ್ಲ ಎನ್ನಬೇಕಿಲ್ಲ. ಇಪ್ಪತ್ತಮೂರು ಅಡಿಯೊಳಗಿನ ನೀರು ನಮ್ಮ ನೆಲದಡಿ ಇಲ್ಲದಿದ್ದರೆ ನೆಲದ ಮೇಲೆ ಮಾಡಿಕೊಳ್ಳಬಹುದು. ಕೃಷಿಹೊಂಡ ಎಂದರೆ ಅದೇ.

2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಿಂದ ಈ ಹೊಂಡಗಳು ನಮ್ಮ ಒಣಭೂಮಿಯಲ್ಲಿ ಕಣ್ಣಿಗೆ ಬೀಳುತ್ತಿವೆ. ಹನ್ನೆರಡು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳದ ಹೊಂಡ ತೋಡಿದರೆ, ಬದಿಗಳ ಇಳಿಜಾರು ಲೆಕ್ಕಕ್ಕೆ ಹಿಡಿದರೂ ಎರಡೂವರೆ ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಅಂದರೆ ಹೊಂಡ ತುಂಬಿದ್ದರೆ ಆವಿಯಾಗುವುದು ಕಳೆದರೂ ಎಕರೆ ರಾಗಿಗೆ ಒಂದೆರಡು ಸಲ ನೀರು ಹಾಯಿಸಬಹುದು. ತೆನೆ ಹೊರಡುವ ಹೊತ್ತಿಗೆ ಮಳೆ ಮೂರು ವಾರ ಕೈಕೊಟ್ಟ ವರ್ಷ ಆ ಒಂದು ನೀರು ಬೆಳೆಗೂ ಬೆಳೆನಾಶಕ್ಕೂ ನಡುವಿನ ಅಂತರ. ಹೊಂಡದ ನೀರಿನ ಆಳ ಹತ್ತು ಅಡಿ ಮಾತ್ರ. ಅದಕ್ಕೆ ಐದು ಅಶ್ವಶಕ್ತಿಯ ಮೋಟಾರು ಬೇಡ, ತಲೆಹೊರೆಯಲ್ಲಿ ಒಯ್ಯುವ ಸಣ್ಣ ಎಂಜಿನ್ ಸಾಕು, ಸಣ್ಣ ಸೌರಪಂಪು ಸಾಕು; ಹೊಲ ತೀರ ಚಿಕ್ಕದಾದರೆ ತುಳಿಪಂಪೂ ಸಾಕು. ಹೊಂಡಕ್ಕೆ ಬೇಲಿ ಮಾತ್ರ ಕಡ್ಡಾಯವಾಗಿ ಹಾಕಿಸಿ. ಪ್ಲಾಸ್ಟಿಕ್ ಹಾಸಿದ ಹೊಂಡದ ಬದಿ ಜಾರುತ್ತದೆ, ಬಿದ್ದ ಮಗು ಹತ್ತಿ ಬರಲಾರದು.

ಹನಿ ನೀರಾವರಿಗೆ ನಮ್ಮ ಸರ್ಕಾರ ನೂರಕ್ಕೆ ತೊಂಬತ್ತರವರೆಗೆ ಸಹಾಯಧನ ಕೊಟ್ಟಿದೆ. ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪೈಪು ಸುತ್ತಿ ದನದ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿರುವ ಮನೆಗಳು ನಮ್ಮಲ್ಲೂ ಇವೆ. ಫಿಲ್ಟರ್ ತೊಳೆಯುವುದನ್ನು, ಉಪ್ಪು ಕಟ್ಟಿದ ಡ್ರಿಪ್ಪರನ್ನು ಆಸಿಡ್ ಹಾಕಿ ಬಿಡಿಸುವುದನ್ನು, ಇಲಿ ಕಡಿದ ಪೈಪಿಗೆ ಜಾಯಿಂಟರ್ ಹಾಕುವುದನ್ನು ಊರಿನಲ್ಲೇ ಇರುವ ಒಬ್ಬರು ಬಲ್ಲವರಾಗಿದ್ದರೆ ಅವುಗಳಲ್ಲಿ ಎಷ್ಟೋ ಮತ್ತೆ ಹೊಲಕ್ಕೆ ಇಳಿದಾವು. ಪ್ರತಿ ಗ್ರಾಮ ಪಂಚಾಯತಿಯೂ ಇಬ್ಬರು ಯುವಕ ಯುವತಿಯರಿಗೆ ಈ ಕೆಲಸದಲ್ಲಿ ತರಬೇತಿ ಕೊಡಿಸಲಿ. ರೈತರು ಅವರ ಕೆಲಸಕ್ಕೆ ಕೂಲಿ ಕೊಡಲಿ. ಪುಕ್ಕಟೆ ಸೇವೆ ಬಹುದಿನ ನಿಲ್ಲುವುದಿಲ್ಲ. ರಂಗಪುರದ ಮಿಸ್ತ್ರಿ ನಮ್ಮ ಹೋಬಳಿಗೂ ಬೇಕು.

ಹೊಂಡಕ್ಕೋ ಡ್ರಿಪ್ಪಿಗೋ ಸೌರಪಂಪಿಗೋ ಅರ್ಜಿ ಹಾಕಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗುವ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ನನ್ನದೊಂದು ವಿನಂತಿ. ಸಹಾಯಧನ ಎಷ್ಟು ಎಂದು ಕೇಳಿದ ಮೇಲೆ, ಕೆಟ್ಟರೆ ರಿಪೇರಿಗೆ ಬರುವವರು ಯಾರು, ಅವರು ಎಷ್ಟು ದೂರದಲ್ಲಿದ್ದಾರೆ, ಬಿಡಿಭಾಗ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದೂ ಕೇಳಿ. ಉತ್ತರ ಸಿಕ್ಕಿದ ಮೇಲೆಯೇ ಸಹಿ ಹಾಕಿ.